ಅಪ್‌ಡೇಟ್: ಹರಿದ ಹರಿಗೋಲು ಮತ್ತೆ ನೀರಿಗಿಳಿಯಿತು

ಗೊರೂರು ಹಿನ್ನೀರಿನಲ್ಲಿ ಮುಳುಗಿದ್ದ ಮರದ ಬೊಡ್ಡೆ ತಾಗಿ ನಮ್ಮ ಹರಿಗೋಲಿನ ಕ್ಯಾನ್ವಾಸ್ ಗೇಣುದ್ದ ಹರಿದಿದೆ, ಒಂದು ಬಿದಿರಿನ ಪಟ್ಟಿಯೂ ಮುರಿದಿದೆ, ದಡದಲ್ಲೇ ರಿಪೇರಿ ಮಾಡಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಮಾಡಬಹುದು! ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ತೇಪೆಯನ್ನು ಹೊರಗೆ ಅಂಟಿಸಬೇಡಿ, ಬಟ್ಟೆಗೂ ಬಿದಿರಿಗೂ ನಡುವೆ ತೂರಿಸಿ ಅಂದಿದ್ದಿರಲ್ಲ, ಅದೇ ಕೈಹಿಡಿಯಿತು. ಹೊರಗಿನ ತೇಪೆ ಕಲ್ಲಿಗೆ ಉಜ್ಜಿ ಕಿತ್ತು ಬರುತ್ತದೆ. ಒಳಗಿದ್ದರೆ ನೀರೇ ಬಟ್ಟೆಯನ್ನು ತೇಪೆಗೆ ಒತ್ತಿ ಹಿಡಿಯುತ್ತದೆ. ಅಮೆರಿಕ, ಕೆನಡಾ ಕಡೆಯ ಕ್ಯಾನ್ವಾಸ್ ಹೊದಿಸಿದ ಮರದ ದೋಣಿಗಳಿಗೂ ಹೀಗೇ ಮಾಡುತ್ತಾರೆ.

ಜಾಸ್ತಿ ಹೊತ್ತು ಹಿಡಿದದ್ದು ಒಣಗಿಸುವುದಕ್ಕೆ. ತೇವ ಇದ್ದರೆ ಡಾಂಬರು ಕಚ್ಚುವುದೇ ಇಲ್ಲ. ಮಗುಚಿ ಹಾಕಿ, ಬಿಸಿಲು ಕಾದು, ಹಳೇ ಡಾಂಬರು ಕೆರೆದೆವು. ತೇಪೆ ಹರಿದ ಜಾಗಕ್ಕಿಂತ ಸುತ್ತಲೂ ನಾಲ್ಕು ಬೆರಳು ದೊಡ್ಡದಿರಲಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ. ಹತ್ತಿ ಕ್ಯಾನ್ವಾಸೇ ಬೇಕು. ಅದು ಡಾಂಬರು ಕುಡಿಯುತ್ತದೆ, ಪ್ಲಾಸ್ಟಿಕ್ ಟಾರ್ಪಾಲಿನ್ ಕುಡಿಯುವುದಿಲ್ಲ. ಡಾಂಬರನ್ನು ಸಣ್ಣ ಉರಿಯಲ್ಲೇ ಕಾಯಿಸಿ, ದಯವಿಟ್ಟು ಬಿಟ್ಟು ಆಚೆ ಹೋಗಬೇಡಿ.

ಮುರಿದ ಬಿದಿರಿನ ಪಕ್ಕಕ್ಕೆ ಹಸಿ ಬಿದಿರಿನ ಪಟ್ಟಿ ಇಟ್ಟು ನೈಲಾನ್ ದಾರದಲ್ಲಿ ಬಿಗಿದೆವು.

ಮೊದಲು ಮೊಣಕಾಲುದ್ದ ನೀರಿನಲ್ಲಿ ಬಿಟ್ಟು ನೋಡಿದಾಗ ಅಂಚಿನಲ್ಲಿ ಸ್ವಲ್ಪ ಜಿನುಗಿತು. ಇನ್ನೊಂದು ಕೈ ಡಾಂಬರು ಬಳಿದ ಮೇಲೆ ನಿಂತಿತು. ಈಗ ಶೆಟ್ಟಿಹಳ್ಳಿ ಚರ್ಚ್ ಕಡೆಗೂ ಹೋಗಿ ಬಂದಿದ್ದೇವೆ, ಲೈಫ್ ಜಾಕೆಟ್ ಹಾಕಿಕೊಂಡೇ. ಮಳೆಗಾಲ ಮುಗಿದ ಮೇಲೆ ತಳಕ್ಕೆ ಪೂರ್ತಿ ಹೊಸ ಕ್ಯಾನ್ವಾಸ್ ಹೊದಿಸುತ್ತೇವೆ.