ಅಪ್ಪನ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದರೆ ನುಡಿ ಫೈಲ್‌ಗಳ ಗತಿ ಏನು?

ಮಲೆನಾಡ ಮಳೆ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲಿ ಅಪ್ಪನ ಡೆಸ್ಕ್‌ಟಾಪ್ ಇದೆ. ಆರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 10. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು, ಆಗುವುದಿಲ್ಲ ಅನ್ನುತ್ತದೆ. ಅಂಗಡಿಯವರು ಹೊಸದೇ ತಗೊಳ್ಳಿ ಎಂದರು. ನಡೆಯುತ್ತಿರುವ ಮಿಷನ್ ಗುಜರಿಗೆ ಹಾಕುವುದಕ್ಕೆ ಅಪ್ಪ ಸುತಾರಾಂ ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂತಿದ್ದೇನೆ. ಹೆದರಿಕೆ ಒಂದೇ. ಅಪ್ಪ ರಿಟೈರ್ಡ್ ಕನ್ನಡ ಮೇಷ್ಟ್ರು, ಹದಿನೈದು ವರ್ಷದಿಂದ ಬರೆದದ್ದೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿದೆ, ತಾಳಮದ್ದಳೆ ಟಿಪ್ಪಣಿ, ಭಾಷಣ, ಪತ್ರಿಕೆಗೆ ಕಳಿಸಿದ ಪತ್ರ ಎಲ್ಲ ಸೇರಿ ನಾನೂರು ಫೈಲ್ ಇರಬಹುದು. ನುಡಿ ಕೀಬೋರ್ಡ್ ಬಿಟ್ಟು ಬೇರೆ ಬರುವುದಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡೆದು ಕನ್ನಡ ಮಾಡು ಅಂದರೆ ಸಿಟ್ಟೇ ಬರುತ್ತದೆ. ಅಡಿಕೆ ಲೆಕ್ಕ ಎಕ್ಸೆಲ್‌ನಲ್ಲಿದೆ. ನಾನು ಬೆಂಗಳೂರಲ್ಲಿದ್ದೇನೆ, ಏನಾದರೂ ಕೆಟ್ಟರೆ ಫೋನಲ್ಲೇ ಸರಿ ಮಾಡಿಸಬೇಕು. ಯಾರಾದರೂ ಮಾಡಿದ್ದೀರಾ?

ಹಳೇಮೌಸ್:
ಮಾಡಿದ್ದೇನೆ, ನಮ್ಮ ಮಾವನವರ ಮಿಷನ್‌ಗೆ. ಮೊದಲು ಕೀಬೋರ್ಡ್ ವಿಷಯ, ಅದೇ ಸುಲಭದ್ದು. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಇಲ್ಲಿ ಹಾಗೇ ಓಡುವುದಿಲ್ಲ. ಆದರೆ ಕೀಲಿಮಣೆ ಅದೇ ಸಿಗುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ (ibus-m17n, ಭಾರತೀಯ ಭಾಷೆಗಳ ಕೀಲಿಮಣೆ ಕೊಡುವ ಪ್ಯಾಕೇಜ್) ಅಂತ ಹುಡುಕಿ ಹಾಕಿ, ಲಾಗೌಟ್ ಆಗಿ ಬಂದು ಕನ್ನಡದಲ್ಲಿ 'ಕೆಜಿಪಿ' ಆಯ್ಕೆ ಮಾಡಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು. ಒತ್ತಕ್ಷರಕ್ಕೆ ಅದೇ ಎಫ್ ಕೀ. ನಮ್ಮ ಮಾವನವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಹಳೇ ಫೈಲ್‌ಗಳೇ ತಲೆನೋವು. ಹಳೇ ನುಡಿಯಲ್ಲಿ ಬರೆದದ್ದು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ, ಕಂಪ್ಯೂಟರ್ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಫಾಂಟ್ ಇಲ್ಲದೆ ಲಿಬ್ರೆಆಫೀಸ್‌ನಲ್ಲಿ (ವರ್ಡ್, ಎಕ್ಸೆಲ್ ಥರದ ಉಚಿತ ತಂತ್ರಾಂಶ) ತೆರೆದರೆ ಕಸ ಕಾಣುತ್ತದೆ. ಆದ್ದರಿಂದ ವಿಂಡೋಸ್ ತೆಗೆಯುವ ಮೊದಲು ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಹೆಸರಿನ ಫಾಂಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಮಿಂಟ್‌ನಲ್ಲಿ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಫೈಲ್ ಸರಿಯಾಗಿ ಕಾಣುತ್ತದೆ, ಪ್ರಿಂಟೂ ಆಗುತ್ತದೆ. ನಾನು ಇದನ್ನು ಮರೆತು ಒಂದು ಭಾನುವಾರ ಪೂರ್ತಿ ಮಾವನವರ ಮುಖ ನೋಡಲಾಗದೆ ಕೂತಿದ್ದೆ.

ಲಿಬ್ರೆಆಫೀಸ್ ಅಡಿಕೆ ಲೆಕ್ಕ ತೆರೆಯುತ್ತದೆ. ಮ್ಯಾಕ್ರೋ (ತಾನೇ ಓಡುವ ಪುಟ್ಟ ಪ್ರೋಗ್ರಾಂ) ಇದ್ದರೆ ಮಾತ್ರ ಗ್ಯಾರಂಟಿ ಇಲ್ಲ. 4 ಜಿಬಿ ರ‍್ಯಾಮ್‌ಗೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ. ಡ್ಯುಯಲ್ ಬೂಟ್ ಮಾಡಿ, ಅಂದರೆ ವಿಂಡೋಸ್, ಮಿಂಟ್ ಎರಡೂ ಇರಲಿ, ಧೈರ್ಯ ಇರುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಕಡೆಯ ಡ್ರೈವ್‌ನಲ್ಲಿ ಮಿಂಟ್‌ನಿಂದ ಏನೂ ಸೇವ್ ಮಾಡಲು ಬಿಡುವುದಿಲ್ಲ.

ಲೆಕ್ಕದ ಅಕ್ಕ:
ಎಲ್ಲರೂ ಸುಮ್ನೆ 'ಲಿನಕ್ಸ್ ಹಾಕಿ' ಅಂತಾರೆ, ನಾನು ಒಂದು ಅಪಸ್ವರ ಹಾಡುತ್ತೇನೆ. ನಮ್ಮದು ಆಡಿಟ್ ಕೆಲಸ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಲಿನಕ್ಸ್‌ಗೆ ಬರುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಜೊತೆ ಎರಡು ದಿನ ಗುದ್ದಾಡಿ ವಾಪಸ್ ವಿಂಡೋಸ್‌ಗೆ ಬಂದೆ. ಪ್ರಿಂಟರ್ ಕೂಡ ಕೈಕೊಟ್ಟಿತು. ನಿಮ್ಮ ತಂದೆಯವರು ಬರೆಯುವುದು, ಓದುವುದು, ಯೂಟ್ಯೂಬ್ ಅಷ್ಟೇ ಆದರೆ ಪರವಾಗಿಲ್ಲ. ಪ್ರಿಂಟರ್ ಯಾವುದು ಅಂತ ಮೊದಲೇ ನೋಡಿ. ಎಚ್‌ಪಿದಾದರೆ ಎಚ್‌ಪಿಲಿಪ್ ಅಂತ ಡ್ರೈವರ್ ಇದೆ, ಜಾಸ್ತಿ ಮಾಡೆಲ್ ನಡೆಯುತ್ತವೆ. ಅವಸರವೂ ಬೇಡ, ವಿಂಡೋಸ್ 10ಕ್ಕೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ.

ಚಹಾ ಬ್ರೇಕ್:
ಡ್ಯುಯಲ್ ಬೂಟ್ ಬೇಡ ಮಾರಾಯ್ರೆ. ಅರವತ್ತು ದಾಟಿದವರಿಗೆ ಪ್ರತಿ ಸಲ ಕಪ್ಪು ಪರದೆಯಲ್ಲಿ ಯಾವುದು ಬೇಕು ಅಂತ ಕೇಳಿದರೆ ಫೋನ್ ಬರುವುದು ನಿಮಗೇ. ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ತಗೊಳ್ಳಿ, ಹಳೇ ಹಾರ್ಡ್ ಡಿಸ್ಕ್‌ನ ಕೇಬಲ್ ಕಳಚಿ ಹಾಗೇ ಬೀರುವಿನಲ್ಲಿಡಿ. ಮಿಂಟ್ ಹೊಸದಕ್ಕೆ ಹಾಕಿ. ಇಷ್ಟವಾಗಲಿಲ್ಲ ಅಂದರೆ ಹಳೇದು ಸಿಕ್ಕಿಸಿದರೆ ಮುಗಿಯಿತು, ಒಂದು ಅಕ್ಷರವೂ ಹೋಗಿರುವುದಿಲ್ಲ. ಸ್ಪೀಡೂ ಬರುತ್ತದೆ, ಆ ಮಿಷನ್ ನಿಧಾನ ಇರುವುದು ಡಿಸ್ಕ್‌ನಿಂದಲೇ. ಅದಕ್ಕೂ ಮೊದಲು ರೂಫಸ್ ಅನ್ನುವ ತಂತ್ರಾಂಶದಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್, ಪ್ರಿಂಟರ್ ಪರೀಕ್ಷಿಸಿ. ವೈಫೈ ಬರದಿದ್ದರೆ ಗಾಬರಿ ಬೇಡ, ಫೋನನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆಥರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ, ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಮಲೆನಾಡ ಮಳೆ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಊರಿಗೆ ಹೋಗಿ ಎಸ್‌ಎಸ್‌ಡಿ ದಾರಿಯಲ್ಲೇ ಮಾಡಿದೆ. ಮಧ್ಯದಲ್ಲಿ ಕರೆಂಟ್ ಹೋಗಿ ಇನ್‌ಸ್ಟಾಲ್ ಮತ್ತೆ ಮೊದಲಿಂದ, ಅದು ನಮ್ಮೂರಿನ ಪಾಡು ಬಿಡಿ. ವೈಫೈ ಬಂತು. ಪ್ರಿಂಟರ್ ಎಚ್‌ಪಿದು, ಅದೂ ಬಂತು. ಕೆಜಿಪಿ ಹಾಕಿ ಕೊಟ್ಟೆ, ಅಪ್ಪ ನಾಲ್ಕು ಸಾಲು ಹೊಡೆದು ತಲೆ ಅಲ್ಲಾಡಿಸಿ 'ಸರಿ ಇದೆ' ಎಂದರು. ನುಡಿ ಫಾಂಟ್ ಹಾಕಿದ ಮೇಲೆ ಹಳೇದೂ ಕಾಣುತ್ತಿವೆ.

ಆಮೇಲೆ ಒಂದು ಭಾಷಣವನ್ನು ಆನ್‌ಲೈನ್ ಕನ್ವರ್ಟರ್‌ನಲ್ಲಿ ಯುನಿಕೋಡ್ ಮಾಡಿ ನೋಡಿದೆ. ಕನ್ನಡ ಚೆನ್ನಾಗಿ ಬಂತು, ನಡುನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಆಗಿಬಿಟ್ಟವು. ನಾನೂರು ಫೈಲ್‌ಗೂ ಹೀಗೇನಾ?

ಹಳೇಮೌಸ್:
ಹೀಗೇ. ಕನ್ವರ್ಟರ್‌ಗೆ ಬರೀ ಅಕ್ಷರ ಹೋಗುತ್ತದೆ, ಫಾಂಟ್ ಹೋಗುವುದಿಲ್ಲ, ಹಾಗಾಗಿ ಇಂಗ್ಲಿಷನ್ನೂ ನುಡಿ ಅಂತಲೇ ಓದುತ್ತದೆ. ಅರ್ಕಾವತ್ತು ಇರುವ ಕಡೆಯೂ ಒಮ್ಮೆ ಕಣ್ಣಾಡಿಸಿ. ನಾನೂರೂ ಬದಲಿಸಲು ಹೋಗಬೇಡಿ. ಅಪ್ಪ ಮತ್ತೆ ಯಾವುದನ್ನು ತಿದ್ದುತ್ತಾರೋ ಅದನ್ನಷ್ಟೇ ಬದಲಿಸಿ, ಮೂಲ ಫೈಲ್ ಹಾಗೇ ಇರಲಿ. ಮೇಷ್ಟ್ರಲ್ಲವೇ, ತಪ್ಪು ಹುಡುಕುವ ಕೆಲಸ ಅವರಿಗೇ ಕೊಡಿ, ಮಳೆಗಾಲ ಕಳೆಯುತ್ತದೆ.