ಆಂಪ್ಲಿಫೈಯರ್ ರಿಪೇರಿ: ಗುಂಯ್, ಸುಯ್, ಕುಂಯ್, ಟಿಕ್ – ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಐಟಿಐ ಹುಡುಗರಿಗಾಗಿ ಕ್ಲಾಸ್ ಡಿ (ಔಟ್‌ಪುಟ್ ಭಾಗವು ಅತಿ ವೇಗವಾಗಿ ಆನ್-ಆಫ್ ಆಗುವ ಬಗೆಯ) ಆಂಪ್ಲಿಫೈಯರ್ ರಿಪೇರಿಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ಕಾಯಿಲ್, ಕೆಪಾಸಿಟರ್‌ಗಳನ್ನು ಹಾಗೇ ಇಟ್ಟುಕೊಂಡಿದ್ದೇನೆ, ಅಂಗಡಿಯಲ್ಲಿ ಕೇಳುವುದೂ ಅದೇ ಹೆಸರಿನಿಂದ. ತೊಡಕಿರುವುದು ಕೆಟ್ಟ ಸೆಟ್ಟಿನ ಸದ್ದಿಗೆ ಹೆಸರಿಡುವುದರಲ್ಲಿ. ಗಿರಾಕಿ ಬಂದು "ಒಂಥರಾ ಸೌಂಡ್ ಬರ್ತಿದೆ" ಅಂತಾರೆ. ಅದು ಯಾವ ಥರ ಅನ್ನುವುದರಲ್ಲೇ ದೋಷದ ಸುಳಿವಿದೆ.

ಸುಯ್, ಕುಂಯ್ ಎರಡನ್ನೇ ನೋಡಿ. ಸುಯ್ ಅನ್ನುವುದು ಗಾಳಿ ಸೋರಿದಂಥ ಸದ್ದು. ಸ್ಪೀಕರಿಗೆ ಕಿವಿಯಿಟ್ಟರೆ ಒಳ್ಳೆಯ ಸೆಟ್ಟಿನಲ್ಲೂ ತುಸು ಕೇಳುತ್ತದೆ, ಅದಕ್ಕೆ ಬಿಚ್ಚಬೇಕಿಲ್ಲ. ಕುಂಯ್ ಹಾಗಲ್ಲ, ಒಂದೇ ಶ್ರುತಿಯ ಸಿಳ್ಳೆ. ಔಟ್‌ಪುಟ್ ಮಾಸ್‌ಫೆಟ್‌ಗಳು 400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಆನ್-ಆಫ್ ಆಗುತ್ತಿದ್ದರೆ ಅದು ಕಿವಿಗೆ ಬೀಳದು. ಆದರೆ ಒಂದೇ ಸಪ್ಲೈ ಮೇಲೆ ಎರಡು ಬೋರ್ಡ್ ಕೂರಿಸಿ, ಒಂದು 400ಕ್ಕೂ ಇನ್ನೊಂದು 403ಕ್ಕೂ ಓಡಿದರೆ ನಡುವಿನ 3 ಕಿಲೋಹರ್ಟ್ಸ್ ಸಿಳ್ಳೆಯಾಗಿ ಬರಬಹುದು. ಆಗ ಐಸಿ ಬದಲಿಸಿ ಪ್ರಯೋಜನವಿಲ್ಲ, ಎರಡೂ ಒಂದೇ ಗಡಿಯಾರಕ್ಕೆ (ಕ್ಲಾಕ್ ಸಿಗ್ನಲ್‌ಗೆ) ಓಡುವಂತೆ ಮಾಡಬೇಕು.

ಟಿಕ್... ಟಿಕ್... ಅಂತ ಬಿಟ್ಟು ಬಿಟ್ಟು ಬಂದರೆ ದೋಷ ಕಂಡಾಗ ಸೆಟ್ಟನ್ನು ಕಾಯುವ ಪ್ರೊಟೆಕ್ಷನ್ ಸರ್ಕ್ಯೂಟ್ ಔಟ್‌ಪುಟ್ ಕಡಿದು, ಮತ್ತೆ ಪ್ರಯತ್ನಿಸಿ, ಮತ್ತೆ ಕಡಿಯುತ್ತಿದೆ ಎಂದು ಅನುಮಾನಿಸಬೇಕು. ಸ್ಪೀಕರ್ ವೈರ್ ತೆಗೆದಾಗ ನಿಂತರೆ ಮೊದಲು ವೈರು, ಸ್ಪೀಕರ್ ನೋಡಿ. ನಿಲ್ಲದಿದ್ದರೆ ಕರೆಂಟ್ ತೆಗೆದು, ಕೆಪಾಸಿಟರ್ ಖಾಲಿಯಾದ ಮೇಲೆ ಮೀಟರ್ ಹಿಡಿಯಿರಿ. ಮಾಸ್‌ಫೆಟ್ಟಿನ ಡ್ರೈನ್, ಸೋರ್ಸ್ ಎಂಬ ಎರಡು ಕಾಲುಗಳ ನಡುವೆ ಎರಡೂ ದಿಕ್ಕಿನಲ್ಲಿ ಬೀಪ್ ಅಂದರೆ ಅದು ಶಾರ್ಟ್ ಆಗಿರುವುದೇ ಹೆಚ್ಚು. ಆನ್ ಮಾಡಿದಾಗ ಒಮ್ಮೆ ಬರುವ ಟಪ್ ಬೇರೆಯದು.

ನನಗೆ ಬಗೆಹರಿಯದಿರುವುದು ಗುಂಯ್. ಟ್ರಾನ್ಸ್‌ಫಾರ್ಮರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಒಣಗಿದರೆ ಬರುವುದು 100 ಹರ್ಟ್ಸಿನ ಒರಟು ಸದ್ದು. ಇನ್‌ಪುಟ್ ವೈರಿನ ಶೀಲ್ಡ್ (ಹೊರಸುತ್ತಿನ ಲೋಹದ ಹೊದಿಕೆ) ಬಿಟ್ಟಾಗ ಬರುವುದು ಹೆಚ್ಚಾಗಿ 50 ಹರ್ಟ್ಸಿನದು, ದಪ್ಪ ದನಿ. ವಾಲ್ಯೂಮ್ ಇಳಿಸಿದರೆ ಎರಡನೆಯದು ಸಾಮಾನ್ಯವಾಗಿ ತಗ್ಗುತ್ತದೆ, ಮೊದಲನೆಯದು ತಗ್ಗದು. ಇಷ್ಟು ವ್ಯತ್ಯಾಸವಿದ್ದರೂ ಎರಡಕ್ಕೂ ಗುಂಯ್ ಅಂತಲೇ ಅನ್ನುತ್ತೇವೆ. ಮೊದಲನೆಯದಕ್ಕೆ ಝುರ್ ಅಂತಿಟ್ಟರೆ ಹೇಗೆ? ಗೆಳೆಯರೊಬ್ಬರು ಗುಂಜಾರವ ಎಂದು ಸೂಚಿಸಿದರು. ದುಂಬಿಗೆ ಒಪ್ಪುವ ಆ ಇಂಪಾದ ಪದವನ್ನು ಕೆಟ್ಟ ಕೆಪಾಸಿಟರಿಗೆ ಹಚ್ಚಲು ನನಗೆ ಮನಸ್ಸಿಲ್ಲ.

ಇನ್ನೊಂದು, ಈ ಅನುಕರಣಾವ್ಯಯಗಳ (ಸದ್ದನ್ನು ಅನುಕರಿಸುವ ಪದಗಳ) ಜೊತೆ ಬರುವ ಕ್ರಿಯಾಪದ. ಎಡೆಬಿಡದ ಸದ್ದಿಗೆ 'ಗುಡು' ಒಗ್ಗುತ್ತದೆ: ಗುಂಯ್‌ಗುಡುತ್ತದೆ. ಟಪ್‌ಗುಡುತ್ತದೆ ಅಂತ ಯಾರ ಬಾಯಲ್ಲೂ ನಾನು ಕೇಳಿಲ್ಲ, ಟಪ್ ಅನ್ನುತ್ತದೆ ಅಷ್ಟೇ. ಬಿಟ್ಟು ಬಿಟ್ಟು ಬರುವ ಟಿಕ್ ಟಿಕ್‌ಗೆ ಯಾವುದು ಸರಿ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ರಿಪೇರಿ ಅಂಗಡಿಗಳಲ್ಲಿ ಈ ಸದ್ದುಗಳಿಗೆ ಏನನ್ನುತ್ತಾರೆ, ತಿಳಿದವರು ದಯವಿಟ್ಟು ಬರೆಯಿರಿ.