ನೆಕ್ರೊಸ್ಟ್ಯಾಟಿನ್ ಅರ್ಧದಷ್ಟು ಕೋಶಗಳನ್ನು ಉಳಿಸಿದರೆ ಆ ಸಾವು ನೆಕ್ರೊಪ್ಟೋಸಿಸ್ ಆಗುತ್ತದೆಯೇ?

ಪಿಪೆಟ್ಟಮ್ಮ:
ನಮ್ಮ ಹೊಸ ಸಂಯುಕ್ತ ಹಾಕಿದರೆ ಇಲಿಯ ಫೈಬ್ರೋಬ್ಲಾಸ್ಟ್ ಕೋಶಗಳು ಹನ್ನೆರಡು ಗಂಟೆಯೊಳಗೆ ಉಬ್ಬಿ ತಟ್ಟೆಯ ತಳ ಬಿಡುತ್ತವೆ. ಅಪೊಪ್ಟೋಸಿಸ್ ಎಂಬ ಸಾಮಾನ್ಯ ಬಗೆಯ ಕೋಶಸಾವನ್ನು ನಡೆಸುವ ಕಿಣ್ವಗಳಾದ ಕ್ಯಾಸ್ಪೇಸ್‌ಗಳನ್ನು ತಡೆಯುವ ಝಡ್‌ವ್ಯಾಡ್ ಕೊಟ್ಟರೂ ಸಾವು ನಿಲ್ಲಲಿಲ್ಲ. ನೆಕ್ರೊಪ್ಟೋಸಿಸ್ (ಕ್ಯಾಸ್ಪೇಸ್‌ಗಳಿಲ್ಲದೆ ಕೋಶ ಉಬ್ಬಿ ಒಡೆಯುವ ಬಗೆಯ ಸಾವು) ತಡೆಯುವ ನೆಕ್ರೊಸ್ಟ್ಯಾಟಿನ್-1 ಕೊಟ್ಟಾಗ ಅರ್ಧದಷ್ಟು ಉಳಿದವು. ಅದೇ ಬಗೆಯ ಸಾವನ್ನು ತಡೆಯುವ ನೆಕ್ರೊಸಲ್ಫೋನಮೈಡ್ ಮಾತ್ರ ಏನೂ ಮಾಡಲಿಲ್ಲ. ಪ್ರಯೋಗದ ಪುಸ್ತಕದಲ್ಲಿ ‘ನೆಕ್ರೊಪ್ಟೋಸಿಸ್’ ಎಂದು ಬರೆದುಬಿಟ್ಟಿದ್ದೇನೆ. ಹೊಡೆದುಹಾಕಲೇ?

ಹಳೇ ಇನ್‌ಕ್ಯುಬೇಟರ್:
ಪೆನ್ಸಿಲ್‌ನಲ್ಲಿ ಬರೆದಿದ್ದರೆ ಚೆನ್ನಾಗಿತ್ತು. ಇದೇ ಹಳ್ಳಕ್ಕೆ ಬಿದ್ದು ನಾಲ್ಕು ತಿಂಗಳು ಕಳೆದುಕೊಂಡವನು ನಾನು.

ನೆಕ್ರೊಸಲ್ಫೋನಮೈಡ್ ಅನ್ನು ಲೆಕ್ಕದಿಂದ ಬಿಡಿ. ಅದು ಅಂಟುವುದು ನೆಕ್ರೊಪ್ಟೋಸಿಸ್‌ನಲ್ಲಿ ಪೊರೆ ಒಡೆಯುವ ಎಂಎಲ್‌ಕೆಎಲ್ ಪ್ರೋಟೀನಿನ ಮನುಷ್ಯರ ರೂಪದಲ್ಲಿ 86ನೆಯ ಸ್ಥಾನದ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ. ಇಲಿಯಲ್ಲಿ ಅಲ್ಲಿ ಟ್ರಿಪ್ಟೊಫ್ಯಾನ್ ಕೂತಿದೆ. ಪಾಪ, ಅದೇನು ಮಾಡೀತು!

ನೆಕ್ರೊಸ್ಟ್ಯಾಟಿನ್-1 ಬಂದದ್ದು 2005ರಲ್ಲಿ. ಅದರ ಗುರಿ ನೆಕ್ರೊಪ್ಟೋಸಿಸ್‌ಗೆ ಚಾಲನೆ ಕೊಡುವ ಆರ್‌ಐಪಿಕೆ1 ಕಿಣ್ವ ಎಂದು ತಿಳಿದದ್ದು 2008ರಲ್ಲಿ. ಆದರೆ ಅದರ ಕೈ ಅಲ್ಲಿಗೇ ನಿಲ್ಲುವುದಿಲ್ಲ. ಐಡಿಒ ಎಂಬ ಬೇರೊಂದು ಕಿಣ್ವವನ್ನೂ ತಡೆಯುತ್ತದೆ, ಪ್ರಮಾಣ ಏರಿಸಿದರೆ ಫೆರೊಪ್ಟೋಸಿಸ್ (ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಉತ್ಕರ್ಷಣಗೊಂಡು ಆಗುವ ಸಾವು) ಅನ್ನೂ ತಗ್ಗಿಸುತ್ತದೆ. ನನ್ನ ನಾಲ್ಕು ತಿಂಗಳು ಹೋದದ್ದು ಅಲ್ಲಿಯೇ. ಬದಲಿಗೆ ಹೆಚ್ಚು ಕಟ್ಟುನಿಟ್ಟಾಗಿ ಆರ್‌ಐಪಿಕೆ1 ಅನ್ನೇ ತಡೆಯುವ ನೆಕ್-1ಎಸ್ ತರಿಸಿ. ಪಕ್ಕದ ವೆಲ್‌ಗಳಿಗೆ (ತಟ್ಟೆಯ ಗುಳಿಗಳಿಗೆ) ಫೆರೊಪ್ಟೋಸಿಸ್ ತಡೆಯುವ ಫೆರೊಸ್ಟ್ಯಾಟಿನ್-1, ಕಬ್ಬಿಣ ಹಿಡಿದಿಡುವ ಡಿಫೆರಾಕ್ಸಮಿನ್ ಹಾಕಿ. ಸಿ11-ಬಾಡಿಪಿ ಎಂಬ ಹೊಳೆಯುವ ಬಣ್ಣವನ್ನೂ ಬಳಸಿ, ಪೊರೆಯ ಕೊಬ್ಬು ಉತ್ಕರ್ಷಣಗೊಂಡಂತೆ ಅದರ ಹೊಳಪು ಕೆಂಪಿನಿಂದ ಹಸಿರಿಗೆ ತಿರುಗುತ್ತದೆ. ಕೋಶ ಇನ್ನೂ ಬದುಕಿರುವಾಗಲೇ ಆ ಹಸಿರು ಕಾಣಬೇಕು. ಸತ್ತ ಮೇಲೆ ಕಂಡದ್ದನ್ನು ನಾನು ನಂಬುವುದಿಲ್ಲ.

ಮೂರನೇ ಬೆಂಚು:
ನಿಮ್ಮವು ಎಲ್929 ಎಂಬ ಇಲಿ ಕೋಶಗಳಲ್ಲ ತಾನೆ? ಅವು ಝಡ್‌ವ್ಯಾಡ್ ಒಂದರಿಂದಲೇ ನೆಕ್ರೊಪ್ಟೋಸಿಸ್‌ಗೆ ಬೀಳುತ್ತವೆ.

ಪಿಪೆಟ್ಟಮ್ಮ:
ಅಲ್ಲ, ಬರೀ ಝಡ್‌ವ್ಯಾಡ್ ಇದ್ದ ವೆಲ್‌ನಲ್ಲಿ ಎಲ್ಲವೂ ಚೆನ್ನಾಗಿದ್ದವು. ಹೇಳಿದಂತೆ ಮಾಡಿದೆ. ನೆಕ್-1ಎಸ್ ಒಂದನ್ನೂ ಉಳಿಸಲಿಲ್ಲ. ಫೆರೊಸ್ಟ್ಯಾಟಿನ್ ವೆಲ್‌ಗಳಲ್ಲಿ ಕೋಶಗಳು ಚಾಪೆ ಹಾಸಿದಂತೆ ಒತ್ತಾಗಿವೆ. ಡಿಫೆರಾಕ್ಸಮಿನ್ ಕೂಡ ಉಳಿಸಿತು. ಹಸಿರು ಆರನೆಯ ಗಂಟೆಗೇ ಕಂಡಿತು.

ಹಳೇ ಇನ್‌ಕ್ಯುಬೇಟರ್:
ಹಾಗಾದರೆ ಹೊಡೆದುಹಾಕಿ, ಇದು ಫೆರೊಪ್ಟೋಸಿಸ್. ಈಗ ನಿಮ್ಮ ಸಂಯುಕ್ತ ಎರಾಸ್ಟಿನ್ ಎಂಬ ಸಂಯುಕ್ತದಂತೆ ಸಿಸ್ಟಿನ್ (ಎರಡು ಸಿಸ್ಟೀನ್ ಕೂಡಿದ ರೂಪ) ಒಳಬರುವ ಬಾಗಿಲು ಮುಚ್ಚುತ್ತದೆಯೋ, ಆರ್‌ಎಸ್‌ಎಲ್3 ಎಂಬ ಇನ್ನೊಂದರಂತೆ ನೇರವಾಗಿ, ಪೊರೆಯ ಕೊಬ್ಬನ್ನು ಉತ್ಕರ್ಷಣದಿಂದ ಕಾಯುವ ಜಿಪಿಎಕ್ಸ್4 ಕಿಣ್ವವನ್ನು ಕೆಡಿಸುತ್ತದೆಯೋ ನೋಡಿ. ಮಾಧ್ಯಮಕ್ಕೆ ತುಸು ಬೀಟಾ-ಮರ್ಕಾಪ್ಟೊಎಥನಾಲ್ ಬೆರೆಸಿ. ಅದು ಸಿಸ್ಟೀನ್ ಅನ್ನು ಬೇರೆ ದಾರಿಯಿಂದ ಒಳಗೆ ಸಾಗಿಸುತ್ತದೆ, ಆದ್ದರಿಂದ ಮೊದಲನೆಯ ಬಗೆಯ ಸಾವು ಮಾತ್ರ ನಿಲ್ಲುತ್ತದೆ. ವಾಸನೆ ಸಹಿಸಿಕೊಳ್ಳಿ, ಹುಡ್‌ನ (ಆವಿ ಎಳೆದುಕೊಳ್ಳುವ ಪೆಟ್ಟಿಗೆಯ) ಹೊರಗೆ ಬಾಟಲಿ ತೆರೆಯಬೇಡಿ.